ನಾಲ್ಕು ನಿಮಿಷಕ್ಕೊಂದು ಮಗ್ಗುಲು

ಮೊದಲು ಕೇಳಿಸುವುದು ಒಗ್ಗರಣೆ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಚಟಪಟ. ಹಳೇ ಗ್ರಾಮಫೋನ್ ಪ್ಲೇಟು, 1947ರಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣವಾದದ್ದು. ಯಾರೋ ಪುಣ್ಯಾತ್ಮರು ಅದನ್ನು ಜೋಪಾನವಾಗಿ ಕಂಪ್ಯೂಟರಿಗೆ ಇಳಿಸಿದ್ದಾರೆ. ನಾನು ರಾತ್ರಿ ಪಾತ್ರೆ ತೊಳೆಯುತ್ತಾ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಕೇಳುತ್ತೇನೆ. ಸ್ವಲ್ಪ ಹೊತ್ತಿಗೆ ಕಿವಿ ಒಗ್ಗರಣೆಯನ್ನು ಮರೆಯುತ್ತದೆ. ಪಿಯಾನೋ ಉಳಿಯುತ್ತದೆ.

ನುಡಿಸುತ್ತಿರುವವರು ರಷ್ಯದ ಸ್ವರರಚನಕಾರ, ಪಿಯಾನಿಸ್ಟ್ ನಿಕೊಲಾಯ್ ಮೆಟ್ನರ್. ಆಗ ಅವರಿಗೆ 67 ವರ್ಷ. ಐದು ವರ್ಷದ ಹಿಂದೆ ಹೃದಯಾಘಾತ ಆಗಿತ್ತು. ನುಡಿಸುತ್ತಿರುವುದು ತಮ್ಮದೇ ಮೂರನೇ ಕನ್ಸರ್ಟೊ. ಒಬ್ಬ ವಾದಕ ಒಂದು ಕಡೆ, ಇಡೀ ಆರ್ಕೆಸ್ಟ್ರಾ ಇನ್ನೊಂದು ಕಡೆ ಕೂತು ನುಡಿಸುವ ದೊಡ್ಡ ಕೃತಿಗೆ ಕನ್ಸರ್ಟೊ ಅನ್ನುತ್ತಾರೆ. ಈ ಕನ್ಸರ್ಟೊ ಯಾರಿಗೆ ಅರ್ಪಣೆ ಗೊತ್ತಾ? ಮೈಸೂರು ಮಹಾರಾಜರಿಗೆ. ಧ್ವನಿಮುದ್ರಣದ ಖರ್ಚು ಹೊತ್ತವರೂ ಅವರೇ.

ಜಯಚಾಮರಾಜೇಂದ್ರ ಒಡೆಯರ್ ಅಂದರೆ ನಮಗೆ ದಸರಾ ಅಂಬಾರಿ, ‘ಶ್ರೀವಿದ್ಯಾ’ ಅಂಕಿತದ 94 ಕೀರ್ತನೆಗಳು. ಸಂಗೀತ ಕಚೇರಿಗೆ ಹೋಗುವವರಿಗೆ ಆ ಕೀರ್ತನೆಗಳು ಗೊತ್ತೇ ಇರುತ್ತವೆ. ಆದರೆ ಈ ಮನುಷ್ಯ ಚಿಕ್ಕಂದಿನಿಂದ ಪಿಯಾನೋ ಕಲಿತು, ಕನ್ಸರ್ಟ್ ಪಿಯಾನಿಸ್ಟ್ ಆಗಬೇಕು ಅಂತ ಕನಸು ಕಂಡಿದ್ದರು ಅನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು. ಆ ಎಳೆ ಹಿಡಿದುಕೊಂಡೇ ನಾನು ಮೆಟ್ನರ್ ಹತ್ತಿರ ಹೋದದ್ದು. ಹೋದವನು ಇನ್ನೂ ವಾಪಸ್ ಬಂದಿಲ್ಲ.

ನನಗೆ ಪಿಯಾನೋ ನುಡಿಸಲು ಬರುವುದಿಲ್ಲ. ಮನೆಯಲ್ಲಿ ಬ್ಯಾಟರಿ ಹಾಕುವ ಒಂದು ಕೀಬೋರ್ಡು ಇತ್ತು, ಅದರಲ್ಲಿ ‘ಸರಿಗಮ’ ಒತ್ತಿ ಒತ್ತಿ ಅಕ್ಕಪಕ್ಕದವರ ಶಾಪ ತಿಂದದ್ದೇ ನನ್ನ ಸಾಧನೆ. ಹಾಗಾಗಿ ಇದು ತಿಳಿದವರ ಬರಹ ಅಲ್ಲ. ಸುಮ್ನೆ ಕೇಳುಗನ ಬರಹ.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಮಾಸ್ಕೋದಲ್ಲಿ. ಆರನೇ ವಯಸ್ಸಿಗೆ ಅಮ್ಮನೇ ಮೊದಲ ಪಾಠ ಹೇಳಿದರು. ಆಮೇಲೆ ಸೋದರಮಾವ. ಆಮೇಲೆ ಮಾಸ್ಕೋ ಕನ್ಸರ್ವೇಟರಿ. 1900ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ರೂಬಿನ್‌ಸ್ಟೈನ್ ಬಹುಮಾನದ ಜೊತೆ ಅಲ್ಲಿಂದ ಹೊರಬಿದ್ದರು. ಅವರ ಪಿಯಾನೋ ಗುರು ವಸೀಲಿ ಸಫೋನೊವ್. ಕನ್ಸರ್ವೇಟರಿಯ ನಿರ್ದೇಶಕರೂ ಅವರೇ. ಭಾರೀ ಕೈ ಆಡುತ್ತಿದ್ದ ಮನುಷ್ಯ. ಶಿಷ್ಯನಿಗೆ ಯುರೋಪಿನ ದೊಡ್ಡ ಪ್ರವಾಸವೊಂದನ್ನು ಸಿದ್ಧ ಮಾಡಿಟ್ಟರು. ಊರೂರಿಗೆ ಹೋಗುವುದು, ನುಡಿಸುವುದು, ಹೆಸರು ಮಾಡುವುದು. ಇಪ್ಪತ್ತರ ಹುಡುಗನಿಗೆ ಇನ್ನೇನು ಬೇಕು?

ಹುಡುಗ ಒಲ್ಲೆ ಅಂದ.

ನಾನು ಸಂಗೀತ ಬರೆಯಬೇಕು, ಊರೂರು ತಿರುಗಿ ಬೇರೆಯವರ ಸಂಗೀತ ನುಡಿಸಿಕೊಂಡಿರಲು ನನ್ನಿಂದಾಗದು ಅನ್ನುವುದು ಅವನ ವಾದ. ಸಫೋನೊವ್ ಕೆಂಡವಾದರು. ಮನೆಯಲ್ಲೂ ಗಲಾಟೆ. ಬೆಂಬಲಕ್ಕೆ ನಿಂತವರು ಇಬ್ಬರು: ಅಣ್ಣ ಎಮಿಲ್, ಮತ್ತು ಸ್ವರರಚನೆಯ ದೊಡ್ಡ ಗುರು ಸೆರ್ಗೇಯ್ ತನೇಯೆವ್. ಸೊನಾಟಾ ಅಂದರೆ ಪಾಶ್ಚಾತ್ಯ ವಾದ್ಯಸಂಗೀತದ ಒಂದು ದೊಡ್ಡ ರಚನಾ ಪ್ರಕಾರ; ಈ ಹುಡುಗ ಅದರ ವ್ಯಾಕರಣವನ್ನು ಹೊಟ್ಟೆಯಲ್ಲೇ ಕಲಿತು ಬಂದಿದ್ದಾನೆ ಅನ್ನುವ ಅರ್ಥದ ಮಾತನ್ನು ತನೇಯೆವ್ ಹೇಳಿದ್ದರು. ಅಭಿಮನ್ಯು ಚಕ್ರವ್ಯೂಹ ಕಲಿತ ಹಾಗೆ. ಹೊರಗೆ ಬರುವ ದಾರಿಯ ಪಾಠ ಇವನಿಗೂ ತಪ್ಪಿಹೋಗಿತ್ತೋ ಏನೋ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಅವರು ಬೇಡ ಅಂದದ್ದು ಎಂಥ ಬದುಕು ಅಂತ ಸ್ವಲ್ಪ ನೋಡಬೇಕು. ನಮ್ಮ ವೈಣಿಕರು ತಮ್ಮ ವೀಣೆಯನ್ನು ತಾವೇ ಹೊತ್ತುಕೊಂಡು ಹೋಗುತ್ತಾರೆ. ರೈಲಿನಲ್ಲಿ ಅದಕ್ಕೊಂದು ಬರ್ತ್ ಹಿಡಿಯುವವರನ್ನೂ ನೋಡಿದ್ದೇನೆ. ಪಿಯಾನಿಸ್ಟನಿಗೆ ಆ ಭಾಗ್ಯ ಇಲ್ಲ. ಕಚೇರಿಯ ಪಿಯಾನೋ ಒಂಬತ್ತು ಅಡಿ ಉದ್ದ, ಹತ್ತಿರ ಹತ್ತಿರ ಅರ್ಧ ಟನ್ ತೂಕ. ಮನೆಯಲ್ಲಿ ವರ್ಷಗಟ್ಟಲೆ ಒಂದು ವಾದ್ಯಕ್ಕೆ ಕೈ ಪಳಗಿಸಿ, ಕಚೇರಿಯ ದಿನ ಗುರುತು ಪರಿಚಯ ಇಲ್ಲದ ಇನ್ನೊಂದರ ಮುಂದೆ ಕೂರಬೇಕು. ಒಂದೂರಿನ ಕೀಲಿ ಭಾರ, ಇನ್ನೊಂದೂರಿನದು ಹಗುರ. ಒಂದರ ಮಂದ್ರ ಗುಂಯ್ ಅನ್ನುತ್ತದೆ, ಇನ್ನೊಂದರ ತಾರ ಕಿರುಚುತ್ತದೆ. ಮಧ್ಯಾಹ್ನ ಎರಡು ಗಂಟೆ ಸಿಗಬಹುದು, ಅದರಲ್ಲೇ ಹೊಂದಿಕೊಳ್ಳಬೇಕು. ರಾತ್ರಿ 88 ಕೀಲಿಗಳ ಮುಂದೆ ಪುಸ್ತಕ ಇಲ್ಲದೆ, ನೆನಪಿನಿಂದ, ಎರಡು ಗಂಟೆ. ಬೆಳಗ್ಗೆ ರೈಲು. ಮುಂದಿನ ಊರಲ್ಲಿ ಅದೇ ಕೃತಿಗಳು, ಬೇರೆ ಪಿಯಾನೋ.

ಇನ್ನೊಂದು ತೊಡಕಿದೆ. ನಮ್ಮಲ್ಲಿ ಗಾಯಕರಿಗೆ ಗಂಟಲು ಸರಿ ಇಲ್ಲದಿದ್ದರೆ ಆಲಾಪನೆ ಮೊಟಕು ಮಾಡಬಹುದು, ಸ್ವರಕಲ್ಪನೆ ಕಡಿಮೆ ಮಾಡಬಹುದು, ತನಿಯನ್ನು ಬೆಳೆಸಲು ಮೃದಂಗದವರಿಗೆ ಸನ್ನೆ ಮಾಡಬಹುದು. ಪಿಯಾನಿಸ್ಟನಿಗೆ ಬರೆದಿಟ್ಟ ಸಾವಿರಾರು ಸ್ವರಗಳಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಮುಂದಿನ ಸಾಲಿನಲ್ಲಿ ಕೂತವನಿಗೆ ಗೊತ್ತಾಗುತ್ತದೆ.

ಮೆಟ್ನರ್ ಇದನ್ನೆಲ್ಲ ಮಾಡಲಾರದೆ ಬಿಟ್ಟವರಲ್ಲ. ಕೇಳಿದವರೆಲ್ಲ ಬೆರಗಾಗುವಷ್ಟು ಚೆನ್ನಾಗಿ ನುಡಿಸುತ್ತಿದ್ದರು. ಆದರೆ ರಾಜಿ ಗೊತ್ತಿಲ್ಲದ ಜೀವ. 1910ರಲ್ಲಿ ಬೀಥೋವನ್‌ನ ನಾಲ್ಕನೇ ಕನ್ಸರ್ಟೊ ನುಡಿಸಬೇಕಿತ್ತು. ಆರ್ಕೆಸ್ಟ್ರಾ ನಡೆಸಲು ಬಂದಿದ್ದವರು ಹಾಲೆಂಡಿನ ವಿಲ್ಲೆಮ್ ಮೆಂಗೆಲ್‌ಬರ್ಗ್. ಆ ಕಾಲದ ಘಟಾನುಘಟಿ. ತಾಲೀಮಿನಲ್ಲಿ ನಡೆಯ ವಿಷಯಕ್ಕೆ ಇಬ್ಬರಿಗೂ ಜಟಾಪಟಿ ಆಯಿತು. ಇವರಿಗೆ ಬೇಕಾದ ಕಾಲ ಒಂದು, ಅವರು ಹಿಡಿದದ್ದು ಇನ್ನೊಂದು. ಮೆಟ್ನರ್ ಎದ್ದು ಹೊರಗೆ ನಡೆದುಬಿಟ್ಟರು. ಆಮೇಲೆ ರಷ್ಯದ ಹೆಸರಾಂತ ಸಂಗೀತಗಾರರು ಸೇರಿ ಇವರ ಪರವಾಗಿ ಬಹಿರಂಗ ಪತ್ರ ಬರೆದರು. ಅದೇನೋ ಸರಿ, ಆದರೆ ಅವತ್ತಿನ ಕಚೇರಿ ಹೋಯಿತಲ್ಲ.

ಅವರ ಬದುಕಿನ ಇನ್ನೊಂದು ಗಂಟನ್ನು ಬೇಗ ಹೇಳಿ ಮುಗಿಸುತ್ತೇನೆ. ಅಣ್ಣ ಎಮಿಲ್‌ನ ಹೆಂಡತಿ ಆನ್ನಾ. ಆನ್ನಾ ಮತ್ತು ನಿಕೊಲಾಯ್ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದರು. ಎಮಿಲ್‌ಗೆ ಗೊತ್ತಿತ್ತು, ಒಪ್ಪಿದ್ದ ಕೂಡ. ಅಮ್ಮನಿಗೆ ಮಾತ್ರ ನೋವಾಗಬಾರದು ಅಂತ ಮೂವರೂ ವರ್ಷಗಟ್ಟಲೆ ಬಾಯಿ ಹೊಲಿದುಕೊಂಡಿದ್ದರು. 1918ರಲ್ಲಿ ಅಮ್ಮ ತೀರಿಕೊಂಡರು. 1919ರಲ್ಲಿ ಮದುವೆ ಆಯಿತು. ಮೊದಲನೇ ಕನ್ಸರ್ಟೊ ಅಮ್ಮನಿಗೆ ಅರ್ಪಣೆ.

1921ರಲ್ಲಿ ಗಂಡ ಹೆಂಡತಿ ರಷ್ಯ ಬಿಟ್ಟರು. ಇಲ್ಲಿಂದ ಕಥೆಗೆ ಒಂದು ತಿರುವು. ಇಪ್ಪತ್ತನೇ ವಯಸ್ಸಿಗೆ ಬೇಡ ಅಂದ ವೇದಿಕೆ ನಲವತ್ತು ದಾಟಿದ ಮೇಲೆ ಬೇಕಾಯಿತು. ಊರಲ್ಲದ ಊರು, ಗಳಿಕೆ ಇಲ್ಲ. ಬರೆದದ್ದು ಮಾರಾಟವಾಗುವುದು ಕಡಿಮೆ. ಹೊಟ್ಟೆ ಹೊರೆಯಲು ನುಡಿಸಲೇಬೇಕು.

ಆಗ ಕೈ ಹಿಡಿದವರು ಸೆರ್ಗೇಯ್ ರಾಖ್ಮಾನಿನೋವ್. ಇವರಿಗಿಂತ ಏಳು ವರ್ಷ ದೊಡ್ಡವರು, ಗೆಳೆಯ. ತಾವೂ ದೇಶ ಬಿಟ್ಟು, ಅಮೆರಿಕದಲ್ಲಿ ಮೆಟ್ನರ್ ಒಲ್ಲೆ ಅಂದ ಬದುಕನ್ನೇ ಬದುಕುತ್ತಿದ್ದರು. ವರ್ಷಕ್ಕೆ ಹತ್ತಾರು ಕಚೇರಿ, ರೈಲು, ಹೋಟೆಲು. ಬರೆಯಲು ಪುರುಸೊತ್ತಿಲ್ಲ ಅಂತ ಕೊರಗುತ್ತಲೇ ಕೈತುಂಬ ಗಳಿಸಿದರು, ಗಳಿಸಿದ್ದನ್ನು ಗೆಳೆಯರಿಗೆ ಹಂಚಿದರು. 1924ರಲ್ಲಿ ಮೆಟ್ನರ್‌ಗೆ ಅಮೆರಿಕ ಪ್ರವಾಸ ಕೂಡಿಸಿಕೊಟ್ಟವರು ಅವರೇ. ಈ ಕಾಲದ ಅತಿ ದೊಡ್ಡ ಸ್ವರರಚನಕಾರ ನೀನೇ ಅಂತ ಮೆಟ್ನರ್‌ಗೆ ಪತ್ರದಲ್ಲೂ ಬರೆದಿದ್ದರು. ಆದರೆ ಮಹಾನುಭಾವ ಅಲ್ಲೂ ತನ್ನ ಹಟ ಬಿಡಲಿಲ್ಲ. ಹೆಚ್ಚಾಗಿ ತನ್ನ ಕೃತಿಗಳನ್ನೇ ನುಡಿಸಿದ. ಜನಕ್ಕೆ ಗೊತ್ತಿರುವ ನಾಲ್ಕು ಶೋಪಾನ್, ಎರಡು ಲಿಸ್ಟ್ ಹಾಕಿ ಖುಷಿಪಡಿಸುವ ಜಾಯಮಾನ ಅಲ್ಲ.

ಈ ಇಬ್ಬರ ಸ್ನೇಹದಲ್ಲಿ ನನಗಿಷ್ಟವಾದ ಒಂದು ಪ್ರಸಂಗ 1926ರದ್ದು. ರಾಖ್ಮಾನಿನೋವ್ ತಮ್ಮ ನಾಲ್ಕನೇ ಕನ್ಸರ್ಟೊ ಬರೆದು ಮುಗಿಸಿ, ಅದನ್ನು ಮೆಟ್ನರ್‌ಗೇ ಅರ್ಪಿಸಿದರು. ಪುಟ ನೋಡಿದರೆ ಗಾಬರಿ. ಇಷ್ಟುದ್ದದ್ದನ್ನು ವಾಗ್ನರ್‌ನ ಆಪೆರಾ ಹಾಗೆ ಸಾಲಾಗಿ ಹಲವು ರಾತ್ರಿ ಆಡಬೇಕಾದೀತು ಅಂತ ತಮಾಷೆಯಾಗಿ ಪತ್ರ ಹಾಕಿದರು. ಅದಕ್ಕೆ ಮೆಟ್ನರ್ ಕೊಟ್ಟ ಉತ್ತರ ಪೂರ್ತಿ ಗಂಭೀರ: ನಿನ್ನ ಕೃತಿ ಉದ್ದ ಅಂತ ನಾನು ಒಪ್ಪುವುದಿಲ್ಲ, ಪುಟ ಇಷ್ಟು ಕಡಿಮೆ ಇರುವುದೇ ನನಗೆ ಆಶ್ಚರ್ಯ. ಒಬ್ಬ ನಕ್ಕರೆ ಇನ್ನೊಬ್ಬ ತತ್ತ್ವ ಹೇಳುವ ಜೋಡಿ. ಮೆಟ್ನರ್ ತಮ್ಮ ಎರಡನೇ ಕನ್ಸರ್ಟೊವನ್ನು ಗೆಳೆಯನಿಗೆ ಅರ್ಪಿಸಿ ಲೆಕ್ಕ ಸರಿ ಮಾಡಿದರು.

ತತ್ತ್ವದ ಮಾತು ಬಂತಲ್ಲ. 1935ರಲ್ಲಿ ಮೆಟ್ನರ್ ಒಂದು ಪುಸ್ತಕವನ್ನೇ ಬರೆದರು, ಹೊಸ ಕಾಲದ ಸಂಗೀತ ದಾರಿ ತಪ್ಪಿದೆ ಅಂತ. ಅಚ್ಚು ಹಾಕಿಸಿದವರು ಮತ್ತೆ ರಾಖ್ಮಾನಿನೋವ್. ಆ ಪುಸ್ತಕದ ಸಿಟ್ಟು ನನಗೆ ಪೂರ್ತಿ ಹಿಡಿಸುವುದಿಲ್ಲ. ತನಗೆ ಒಗ್ಗದ್ದೆಲ್ಲ ಕೆಟ್ಟದ್ದು ಅನ್ನುವ ಹಿರಿಯರು ನಮ್ಮ ಸಭೆಗಳಲ್ಲೂ ಬೇಕಾದಷ್ಟು ಸಿಗುತ್ತಾರೆ. ಆದರೆ ಬರೀ ಮಾತಾಡಿ ಸುಮ್ಮನಾಗುವವರ ಪೈಕಿ ಇವರಲ್ಲ. ತಾನು ನಂಬಿದ್ದಕ್ಕೆ ಇಡೀ ಬದುಕನ್ನೇ ಕೂಲಿಯಾಗಿ ತೆತ್ತರು. ಹಾಗಾಗಿ ಜಗಳ ಆಡಲೂ ಮನಸ್ಸು ಬರುವುದಿಲ್ಲ.

ಅದೇ ವರ್ಷ ಲಂಡನ್ನಿಗೆ ಬಂದರು. ಗೋಲ್ಡರ್ಸ್ ಗ್ರೀನ್‌ನಲ್ಲಿ ಒಂದು ಮನೆ. ಪಾಠ, ಆಗೊಂದು ಈಗೊಂದು ಕಚೇರಿ. ದಿನಾ ಬೆಳಗ್ಗೆ ಪಿಯಾನೋ ಮುಂದೆ ಕೂತು ಅಭ್ಯಾಸ. ಅಭ್ಯಾಸ ಹೇಗಿರಬೇಕು ಅಂತ ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳು ಅವರು ಹೋದ ಮೇಲೆ 1963ರಲ್ಲಿ ಮಾಸ್ಕೋದಲ್ಲಿ ಪುಸ್ತಕವಾಗಿ ಬಂದವು. ಕಣ್ಣು ಮುಚ್ಚಿ ನುಡಿಸು ಅನ್ನುವ ಮಾತು ಅದರಲ್ಲಿ ಬರುತ್ತದೆ. ಬೆರಳು ನೋಡಬೇಡ, ಸದ್ದು ಕೇಳು. ನಮ್ಮ ಯಾವ ವೀಣೆ ಮೇಷ್ಟ್ರು ಬೇಕಾದರೂ ಹೇಳುವ ಮಾತು, ಅಲ್ವಾ?

ಆಮೇಲೆ ಯುದ್ಧ. ಅವರ ಪ್ರಕಾಶಕರು ಇದ್ದದ್ದು ಜರ್ಮನಿಯಲ್ಲಿ. ಅಲ್ಲಿಂದ ಬರುತ್ತಿದ್ದ ಚೂರುಪಾರು ಹಣವೂ ನಿಂತುಹೋಯಿತು. ಲಂಡನ್ನಿನ ಮೇಲೆ ಬಾಂಬು. ಶಿಷ್ಯೆ ಎಡ್ನಾ ಐಲ್ಸ್ ತಮ್ಮ ಮನೆಯವರ ಜೊತೆ ಇರಲು ದಂಪತಿಯನ್ನು ವಾರಿಕ್‌ಶೈರಿಗೆ ಕರೆದುಕೊಂಡು ಹೋದರು. ಅಲ್ಲಿ ಮೂರನೇ ಕನ್ಸರ್ಟೊ ಬೆಳೆಯಿತು. ಅದರ ಮೊದಲ ಭಾಗಕ್ಕೆ ರಷ್ಯನ್ ಕವಿ ಲೆರ್ಮೊಂತೊವ್ ಬರೆದ ನೀರ ಹೆಣ್ಣಿನ ಪದ್ಯವೊಂದು ನೆಪ. 1942ರಲ್ಲಿ, ಕೃತಿಯ ನಡುವೆಯೇ, ಹೃದಯ ಕೈಕೊಟ್ಟಿತು. ಎದ್ದು ಕೂತು ಮುಗಿಸಿದರು. 1944ರ ಫೆಬ್ರವರಿ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು. ಆರ್ಕೆಸ್ಟ್ರಾ ನಡೆಸಿದವರು ಏಡ್ರಿಯನ್ ಬೌಲ್ಟ್. ರಾಖ್ಮಾನಿನೋವ್ ತೀರಿಕೊಂಡು ಆಗಲೇ ಹನ್ನೊಂದು ತಿಂಗಳಾಗಿತ್ತು. ಇನ್ನು ಕೈ ಹಿಡಿಯುವವರು ಯಾರು?

ಈಗ ಮೈಸೂರಿಗೆ ಬರೋಣ.

ಅರಮನೆಗೆ ಪಾಶ್ಚಾತ್ಯ ಸಂಗೀತ ಹೊಸದಾಗಿರಲಿಲ್ಲ. ಅಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು. ನಾಲ್ವಡಿಯವರಿಗೂ ಪಿಯಾನೋ ಬರುತ್ತಿತ್ತು. ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗ ಜಯಚಾಮರಾಜೇಂದ್ರ ಹುಟ್ಟಿದ್ದು 1919ರ ಜುಲೈನಲ್ಲಿ. ಅಕ್ಕತಂಗಿಯರ ಜೊತೆ ಪಿಯಾನೋ ಹಿಡಿದುಕೊಂಡೇ ಬೆಳೆದ ಹುಡುಗ. ಅವರಲ್ಲೊಬ್ಬರು, ವಿಜಯಾದೇವಿಯವರು, ಮುಂದೆ ಬೆಂಗಳೂರಿನಲ್ಲಿ ಸಂಗೀತ ಕಲೆಗಳಿಗೆ ಅಂತಲೇ ಒಂದು ಸಂಸ್ಥೆ ಕಟ್ಟಿದರು. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದು ತುಂಬಿದ ಹುಡುಗನ ತಲೆಯ ಮೇಲೆ ಕಿರೀಟ ಬಂದು ಕೂತಿತು.

ರಾಜ ಕಚೇರಿ ಕೊಡಲು ಊರೂರು ತಿರುಗುವುದುಂಟೇ? ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ಅಭ್ಯಾಸ ಬಿಡಲಿಲ್ಲ. ಆಳುತ್ತಲೇ ಓದಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಅನ್ನುವ ಅರ್ಹತಾಪತ್ರ ಪಡೆದರು. ಸರಿಸುಮಾರು ಅದೇ ವರ್ಷಗಳಲ್ಲಿ ಕರ್ನಾಟಕ ಸಂಗೀತದ ಕೀರ್ತನೆಗಳೂ ಹುಟ್ಟಿದವು. ಇದು ನನಗೆ ಈಗಲೂ ಬಗೆಹರಿಯದ ಒಗಟು. ಪಿಯಾನೋದಲ್ಲಿ ಗಮಕ ಇಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ವೀಣೆಯಲ್ಲಿ ತಂತಿ ಎಳೆಯದೆ ರಾಗವೇ ಇಲ್ಲ. ಬೆಳಗ್ಗೆ ಒಂದು, ಸಂಜೆ ಇನ್ನೊಂದು ಅಂತ ಈ ಎರಡನ್ನೂ ಒಂದೇ ಕೈಬೆರಳು ಹೇಗೆ ನಿಭಾಯಿಸಿತು?

1946ರ ಹೊತ್ತಿಗೆ ಲಂಡನ್ನಿನಲ್ಲಿದ್ದ ಮೈಸೂರಿನ ವಾಣಿಜ್ಯ ಪ್ರತಿನಿಧಿಯ ಮೂಲಕ ಮೆಟ್ನರ್‌ಗೆ ಸುದ್ದಿ ಹೋಯಿತು. ಮಹಾರಾಜರು ನಿಮ್ಮ ಸಂಗೀತವನ್ನು ನಿಮ್ಮ ಕೈಯಲ್ಲೇ ನುಡಿಸಿ ಪ್ಲೇಟು ಮಾಡಿಸಬೇಕು ಅಂತಿದ್ದಾರೆ. ಗೋಲ್ಡರ್ಸ್ ಗ್ರೀನ್‌ನ ಆ ಮನೆಯಲ್ಲಿ ಈ ಮಾತು ಹೇಗೆ ಕೇಳಿಸಿರಬೇಡ! ಎಂದೂ ಕಾಣದ ಊರಿನ ಎಳೇ ದೊರೆ. ಹೆಸರು ಸರಿಯಾಗಿ ಉಚ್ಚರಿಸಲೂ ಬರದು. ಮೆಟ್ನರ್ ಸೊಸೈಟಿ ಹುಟ್ಟಿತು. ಪ್ಲೇಟು ಕಂಪನಿ ಎಚ್‌ಎಂವಿ ಮೂರು ಸಂಪುಟ ಪ್ಲೇಟುಗಳನ್ನು ತಂದಿತು.

1947 ಒಂದರಲ್ಲೇ ಮೂರು ಕನ್ಸರ್ಟೊಗಳೂ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಮುದ್ರಣವಾದವು. ಅವತ್ತಿನ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದದ್ದು ನಾಲ್ಕು, ನಾಲ್ಕೂವರೆ ನಿಮಿಷ. ಮೂರನೇ ಕನ್ಸರ್ಟೊ ಅರ್ಧ ಗಂಟೆ ದಾಟುತ್ತದೆ. ಅದೂ ಮೂರು ಭಾಗಗಳು ನಡುವೆ ನಿಲ್ಲದೆ ಒಂದರೊಳಗೊಂದು ಹರಿಯುವ ಕೃತಿ. ಅದನ್ನು ಎಂಟೊಂಬತ್ತು ತುಂಡು ಮಾಡಬೇಕು. ನಾಲ್ಕು ನಿಮಿಷ ನುಡಿಸು, ನಿಲ್ಲು. ಮೇಣದ ತಟ್ಟೆ ಬದಲಾಗಲಿ. ಮತ್ತೆ ಅದೇ ಬಿಸಿಯಲ್ಲಿ, ಅದೇ ಕಾಲದಲ್ಲಿ ಎತ್ತಿಕೋ. ತಪ್ಪಿದರೆ ಅಳಿಸುವ ಹಾಗಿಲ್ಲ, ಕತ್ತರಿಸಿ ಅಂಟಿಸುವ ಹಾಗಿಲ್ಲ. ಆ ನಾಲ್ಕು ನಿಮಿಷವನ್ನು ಮೊದಲಿಂದ ನುಡಿಸಬೇಕು, ಇಡೀ ಆರ್ಕೆಸ್ಟ್ರಾದವರೂ ಜೊತೆಗೆ. ಹೃದಯ ಸೋತ ಮುದುಕ ಇದನ್ನು ಮೂರು ಸಲ, ಮೂರು ಕೃತಿಗೆ ಮಾಡಿದರು. ಕೇಳುತ್ತಿದ್ದರೆ ಸುಸ್ತಿನ ಸುಳಿವೇ ಇಲ್ಲ. ಕೆಲವು ಕಡೆ ತಮ್ಮ ಸ್ವರಗಳ ಹಿಂದೆ ತಾವೇ ಓಡುತ್ತಿದ್ದಾರೆ ಅನ್ನಿಸುತ್ತದೆ.

ಜೊತೆಗಿದ್ದ ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ. ಎರಡು ವರ್ಷದ ಕೂಸು, ಪ್ಲೇಟುಗಳ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ್ದು. ಅದಕ್ಕೂ ಮಹಾರಾಜರ ಕೈ ನೀಡಿತು. ಮೂರು ವರ್ಷ, ವರ್ಷಕ್ಕೆ 10,000 ಪೌಂಡ್. ಅವತ್ತಿನ ಲೆಕ್ಕದಲ್ಲಿ ಒಂದು ಲಕ್ಷ ಮೂವತ್ತಮೂರು ಸಾವಿರ ರೂಪಾಯಿ.

ಈ ಅಂಕಿ ನೋಡಿದಾಗಲೆಲ್ಲ ನನ್ನ ಪಾತ್ರೆ ತೊಳೆಯುವ ಕೈ ನಿಲ್ಲುತ್ತದೆ. 1947 ಅಂದರೆ ಯಾವ ವರ್ಷ? ‘ಮೈಸೂರು ಚಲೋ’ ನಡೆದ ವರ್ಷ. ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಬೀದಿಗಿಳಿದು ಜೈಲು ತುಂಬಿಸುತ್ತಿದ್ದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅದೇ ವರ್ಷ ಲಂಡನ್ನಿನಲ್ಲಿ ಮೇಣದ ತಟ್ಟೆ ತಿರುಗುತ್ತಿತ್ತು. ಆ ಹಣ ಯಾರದು? ಬೆಳೆದವರದು, ದುಡಿದವರದು, ಮಂಡ್ಯದ ಗದ್ದೆಯವರದು, ಕೋಲಾರದ ಗಣಿಯವರದು. ಅವರಲ್ಲಿ ಯಾರನ್ನೂ ಮೆಟ್ನರ್ ಪ್ಲೇಟಿಗೆ ಚಂದಾ ಕೊಡುತ್ತೀರಾ ಅಂತ ಕೇಳಿರಲಿಲ್ಲ. ನಮ್ಮ ಮಹಾರಾಜರು ಅಂತ ಎದೆ ಉಬ್ಬಿಸುವಾಗ ಇದೂ ನೆನಪಿರಲಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಕೇಳುವುದನ್ನು ನಿಲ್ಲಿಸುವುದಿಲ್ಲ. ಎರಡೂ ನಿಜ, ಏನು ಮಾಡುವುದು.

ಇನ್ನೊಂದು ತಮಾಷೆ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲೇ ಜರ್ಮನ್ ಸ್ವರರಚನಕಾರ ರಿಚರ್ಡ್ ಸ್ಟ್ರಾಸ್ ಕಡೆಯದಾಗಿ ಬರೆದಿಟ್ಟು ಹೋದ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ಆರ್ಕೆಸ್ಟ್ರಾ ನಡೆಸಿದರು. ಆ ಕಚೇರಿಗೆ ಹಣದ ಖಾತರಿ ಕೊಟ್ಟವರೂ ಜಯಚಾಮರಾಜೇಂದ್ರ ಒಡೆಯರೇ. ಅದನ್ನು ಮುದ್ರಿಸಿ ಮೈಸೂರಿಗೆ ಕಳಿಸಿ ಅನ್ನುವುದು ಅವರ ಕೋರಿಕೆ. ಮೆಟ್ನರ್‌ಗೆ ಈ ಸ್ಟ್ರಾಸ್ ಕಂಡರೆ ಆಗುತ್ತಿರಲಿಲ್ಲ. ಅವರ ಪ್ರಕಾರ ಸಂಗೀತವನ್ನು ಹಾಳುಗೆಡವಿದವರಲ್ಲಿ ಆತನೂ ಒಬ್ಬ. ಆಶ್ರಯದಾತ ಮಾತ್ರ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು.

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಂದುಕೊಂಡ ಕೃತಿಗಳೆಲ್ಲ ಮುದ್ರಣ ಆಗಲಿಲ್ಲ. ಕೊನೆಗೆ ನುಡಿಸಿದ್ದರಲ್ಲಿ ತಮ್ಮ ಹಾಡುಗಳೂ ಇದ್ದವು. ಹಾಡಿದವರು ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಪಿಯಾನೋ ಇವರದು. ಆನ್ನಾ ಏಳು ವರ್ಷ ಒಬ್ಬರೇ ಇದ್ದು, 1958ರಲ್ಲಿ ಗಂಡನ ಕೈಬರಹದ ಹಾಳೆಗಳನ್ನು ಹೊತ್ತುಕೊಂಡು ಮಾಸ್ಕೋಗೆ ವಾಪಸ್ ಹೋದರು. ಮಹಾರಾಜರು ರಾಜಪ್ರಮುಖರಾಗಿ, ರಾಜ್ಯಪಾಲರಾಗಿ, 1974ರಲ್ಲಿ ಹೋದರು. ಅವರ ಸಾವಿರಾರು ಪ್ಲೇಟುಗಳ ಕಥೆ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ಪಾತ್ರೆ ಮುಗಿದಿದೆ. ಕೈ ಒರೆಸಿಕೊಂಡು ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಒಂದು ವಿಷಯ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಇಳಿಸಿದವರು ಮಗ್ಗುಲುಗಳನ್ನು ಒಂದಕ್ಕೊಂದು ಹೊಲಿದಿದ್ದಾರೆ, ಆದರೆ ಹೊಲಿಗೆ ಪೂರ್ತಿ ಮುಚ್ಚಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ ಚಟಪಟ ಸದ್ದು ಕೂದಲೆಳೆಯಷ್ಟು ಬದಲಾಗುತ್ತದೆ. ಅಲ್ಲಿ ಮೆಟ್ನರ್ ಕೈ ಎತ್ತಿದ್ದರು. ತಟ್ಟೆ ಬದಲಾಗುವವರೆಗೆ ಕಾದಿದ್ದರು. ಮತ್ತೆ ಇಟ್ಟಿದ್ದರು. ಮೂರನೇ ಮಗ್ಗುಲು ಶುರುವಾಗುತ್ತಿದೆ.